ಅತಿಥಿಗಳ ವೈಫೈಗೆ ಲಾಗಿನ್ ಪುಟ: ನಮ್ಮ ಕಡೆಯ ಲಾಡ್ಜ್, ಓದುಕೋಣೆ, ಕಲ್ಯಾಣ ಮಂಟಪದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಸಣ್ಣಪುಟ್ಟ ಜಾಗಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಗದಗ, ಹಾವೇರಿ ಕಡೆಗೂ ಹೋಗುತ್ತಿರುತ್ತೇನೆ. ಎಲ್ಲಿ ಹೋದರೂ ಮಾಲೀಕರ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಒಂದು ಲಾಗಿನ್ ಪುಟ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ನನಗೆ ಎರಡೇ ಪ್ರಶ್ನೆ ಸಾಕು. ಬಂದವರು ಕೌಂಟರ್‌ನಲ್ಲಿ ಯಾರನ್ನೂ ಕೇಳದೆ ಇಂಟರ್ನೆಟ್ ಹಿಡಿದರೇ? ಅವರಿಂದ ನಾವು ಬೇಕಾದ್ದಕ್ಕಿಂತ ಜಾಸ್ತಿ ಏನಾದರೂ ಕೇಳಿದೆವೇ?

ಪಾಸ್‌ವರ್ಡ್ ಗೋಡೆಗೆ ಅಂಟಿಸಿದರೆ ಸಾಲದೇ? ಪುಟ ಯಾಕೆ ಬೇಕು?

ಎಂಟು ಟೇಬಲ್ಲಿನ ಖಾನಾವಳಿಗೆ ಸಾಕು. ಮಂದಿ ರೊಟ್ಟಿ ಊಟ ಮುಗಿಸಿ ಎದ್ದು ಹೋಗುತ್ತಾರೆ. ಅಂಥ ಕಡೆ ಪುಟ ಹಾಕಿಸಲು ಕರೆದವರಿಗೆ ನಾನೇ ಬೇಡ ಅಂದಿದ್ದೇನೆ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ, ಕ್ಯೂಆರ್ ಕೋಡ್ ಮಾಡಿ ಟೇಬಲ್ ಮೇಲೆ ಇಡಿ, ಮುಗಿಯಿತು.

ಲಾಡ್ಜ್, ಪಿಜಿ, ಓದುಕೋಣೆ, ಕಲ್ಯಾಣ ಮಂಟಪದ ಮಾತು ಬೇರೆ. ಅಲ್ಲಿ ಮಂದಿ ಗಂಟೆಗಟ್ಟಲೆ, ದಿನಗಟ್ಟಲೆ ಇರುತ್ತಾರೆ. ಗೋಡೆಯ ಪಾಸ್‌ವರ್ಡ್ ಪಕ್ಕದ ಓಣಿಗೂ ಗೊತ್ತಾಗಿರುತ್ತದೆ. ಯಾರಿಗೆ ಎಷ್ಟು ಹೊತ್ತು, ಎಷ್ಟು ವೇಗ ಅಂತ ಹಂಚಬೇಕು, ಯಾರು ಯಾವಾಗ ಬಳಸಿದರು ಅನ್ನುವ ಲೆಕ್ಕವೂ ಬೇಕು. ಹುಬ್ಬಳ್ಳಿ ರೈಲ್ವೆ ಸ್ಟೇಷನ್‌ನಲ್ಲಿ ರೈಲ್‌ವೈರ್ ವೈಫೈಗೆ ಸೇರಿದಾಗ ಮೊಬೈಲ್ ನಂಬರ್ ಕೇಳಿ, ಓಟಿಪಿ ಹಾಕಿಸಿಕೊಂಡು ಆಮೇಲೆ ಒಳಗೆ ಬಿಡುತ್ತದೆ ಅಲ್ವಾ? ಅದೇ ಲಾಗಿನ್ ಪುಟ. ನಮ್ಮ ಕಸುಬಿನಲ್ಲಿ ಕ್ಯಾಪ್ಟಿವ್ ಪೋರ್ಟಲ್ ಅನ್ನುತ್ತೇವೆ.

ಫೋನಿಗೆ ಆ ಪುಟ ತಾನಾಗಿ ಬರುವುದು ಹೇಗೆ?

ಇದೊಂದು ತಿಳಿದರೆ ಮುಂದಿನ ಅರ್ಧ ತೊಂದರೆಗಳು ತಾವಾಗಿ ಅರ್ಥವಾಗುತ್ತವೆ.

ವೈಫೈಗೆ ಸೇರಿದ ಕೂಡಲೇ ಫೋನ್ ತನ್ನ ಕಂಪನಿಯ ಒಂದು ಸಣ್ಣ ವಿಳಾಸಕ್ಕೆ ಸುಮ್ನೆ ಒಂದು ಕೂಗು ಹಾಕುತ್ತದೆ. ಆಂಡ್ರಾಯ್ಡ್ ಗೂಗಲ್‌ನ ವಿಳಾಸ ಕೇಳಿ 204 ಅನ್ನುವ ಖಾಲಿ ಉತ್ತರಕ್ಕೆ ಕಾಯುತ್ತದೆ. ಐಫೋನ್ ಆಪಲ್‌ನ ವಿಳಾಸ ಕೇಳಿ ‘ಸಕ್ಸೆಸ್’ ಅನ್ನುವ ಒಂದು ಪದಕ್ಕೆ ಕಾಯುತ್ತದೆ. ವಿಂಡೋಸ್ ಕೂಡ ಮೈಕ್ರೋಸಾಫ್ಟ್‌ನ ಒಂದು ಚಿಕ್ಕ ಫೈಲ್ ಕೇಳುತ್ತದೆ. ಕಾಯ್ದ ಉತ್ತರವೇ ಬಂದರೆ ಇಂಟರ್ನೆಟ್ ಇದೆ ಅಂತ ತಿಳಿದು ಸುಮ್ಮನಾಗುತ್ತದೆ. ಅದರ ಬದಲು ಬೇರೆ ಏನೋ ಬಂದರೆ, ‘ಇಲ್ಲಿ ಬಾಗಿಲಲ್ಲಿ ಯಾರೋ ನಿಂತಿದ್ದಾರೆ’ ಅಂತ ತಿಳಿದು ಲಾಗಿನ್ ಕಿಟಕಿ ತೆರೆಯುತ್ತದೆ. ನಿಮ್ಮ ರೂಟರ್ ಮಾಡುವುದು ಇಷ್ಟೇ. ಆ ಕೂಗನ್ನು ದಾರಿಯಲ್ಲೇ ತಡೆದು, ಉತ್ತರದ ಜಾಗದಲ್ಲಿ ನಿಮ್ಮ ಪುಟವನ್ನು ಕಳಿಸುತ್ತದೆ.

ಈ ಕೂಗು ಬೀಗ ಇಲ್ಲದ, ಅಂದರೆ ನಡುವೆ ಇರುವವರೂ ಓದಬಹುದಾದ ಹಳೆಯ ಎಚ್‌ಟಿಟಿಪಿಯಲ್ಲಿ ಹೋಗುವುದರಿಂದ ನಡುವೆ ತಡೆಯಲು ಆಗುತ್ತದೆ. ಬೀಗ ಇರುವ ಎಚ್‌ಟಿಟಿಪಿಎಸ್ ಪುಟವನ್ನು ಹಾಗೆ ತಡೆಯಲು ಬರುವುದಿಲ್ಲ, ಬರಬಾರದು ಕೂಡ. ಅತಿಥಿ ಬ್ಯಾಂಕಿನ ಪುಟ ತೆರೆಯಲು ಹೋದಾಗ ನಡುವೆ ನೀವು ನಿಂತರೆ, ಬ್ರೌಸರ್ ನಿಮ್ಮನ್ನು ಕಳ್ಳ ಅಂತಲೇ ತಿಳಿಯುತ್ತದೆ.

ಎಲ್ಲ ಸರಿ ಇದ್ದರೂ ಕೆಲವರಿಗೆ ಪುಟ ಬರುವುದೇ ಇಲ್ಲ. ಯಾಕೆ?

ನನಗೆ ಬರುವ ಕರೆಗಳಲ್ಲಿ ಇದೇ ಜಾಸ್ತಿ. ಒಂದು ಉದಾಹರಣೆ ಹೇಳುತ್ತೇನೆ.

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್‌ಗಳೂ ಓದುಕೋಣೆಗಳೂ ಒತ್ತೊತ್ತಾಗಿವೆ. ಅಲ್ಲಿನ ಒಂದು ಓದುಕೋಣೆಗೆ ನಾನು ಕನ್ನಡ ಪುಟ ಮಾಡಿದ್ದೆ. ಅಕ್ಷರ ಚಂದ ಕಾಣಲಿ ಅಂತ ಗೂಗಲ್ ಫಾಂಟ್ ಹಾಕಿದೆ. ಲಾಗಿನ್ ಆಗುವ ಮೊದಲು ಇಂಟರ್ನೆಟ್ ಇರುವುದಿಲ್ಲವಲ್ಲ, ಹಾಗಾಗಿ ಫಾಂಟ್ ಇಳಿಯಲಿಲ್ಲ. ಲಾಗಿನ್‌ಗೆ ಮೊದಲೇ ಯಾವ ವಿಳಾಸಗಳಿಗೆ ಹೋಗಬಹುದು ಅನ್ನುವ ಪಟ್ಟಿಗೆ ವಾಲ್ಡ್ ಗಾರ್ಡನ್ ಅನ್ನುತ್ತಾರೆ. ಅದರಲ್ಲಿ ಫಾಂಟ್ ಇಳಿದು ಬರುವ ಗೂಗಲ್‌ನ ಜಿಸ್ಟ್ಯಾಟಿಕ್ ವಿಳಾಸಗಳನ್ನು ಒಟ್ಟಿಗೆ ಬಿಟ್ಟುಕೊಟ್ಟೆ. ಫಾಂಟ್ ಬಂತು. ಆದರೆ ಮರುದಿನ ಬೆಳಿಗ್ಗೆ ಹುಡುಗರ ಸಾಲು. ಆಂಡ್ರಾಯ್ಡ್ ಫೋನ್ ಒಂದರಲ್ಲೂ ಪುಟ ಬರುತ್ತಿಲ್ಲ, ಇಂಟರ್ನೆಟ್ಟೂ ಇಲ್ಲ. ಕಾರಣ ಕಂಡುಹಿಡಿಯಲು ಮಧ್ಯಾಹ್ನವಾಯಿತು. ಆಂಡ್ರಾಯ್ಡ್ ಕೂಗು ಹಾಕುವ ವಿಳಾಸವೂ ಅದೇ ಜಿಸ್ಟ್ಯಾಟಿಕ್ ಮನೆಯದು. ನಾನು ದಾರಿ ಬಿಟ್ಟುಕೊಟ್ಟಿದ್ದರಿಂದ ಅದಕ್ಕೆ 204 ಸಿಕ್ಕಿತು, ಇಂಟರ್ನೆಟ್ ಇದೆ ಅಂತ ನಂಬಿ ಫೋನ್ ಪುಟವನ್ನೇ ಕೇಳಲಿಲ್ಲ. ಬೆಳಿಗ್ಗೆ ಆನ್‌ಲೈನ್ ಟೆಸ್ಟ್ ಇದ್ದ ಹುಡುಗಿಯೊಬ್ಬಳು ಮೊಬೈಲ್ ಡೇಟಾ ಖಾಲಿ ಮಾಡಿಕೊಂಡು ಪರೀಕ್ಷೆ ಬರೆದಳು. ಅವತ್ತಿನಿಂದ ನಾನು ಹೊರಗಿನ ಫಾಂಟ್, ಹೊರಗಿನ ಚಿತ್ರ, ಹೊರಗಿನ ಸ್ಕ್ರಿಪ್ಟ್ ಯಾವುದನ್ನೂ ಲಾಗಿನ್ ಪುಟಕ್ಕೆ ಹಾಕುವುದಿಲ್ಲ. ಎಲ್ಲವೂ ರೂಟರ್ ಒಳಗೇ ಇರಬೇಕು. ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ, ಅದೇ ಸಾಕು.

ಅತಿಥಿಯ ಫೋನಿನಲ್ಲೇ ಕಾರಣ ಇರಬಹುದು. ಆಂಡ್ರಾಯ್ಡ್ 9ರಿಂದ ‘ಪ್ರೈವೇಟ್ ಡಿಎನ್‌ಎಸ್’ ಅನ್ನುವ ಸೆಟ್ಟಿಂಗ್ ಇದೆ. ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಜಾಹೀರಾತು ತಡೆಯಲು ಕೆಲವರು ಅಲ್ಲಿ ಬೇರೆ ಹೆಸರು ಹಾಕಿರುತ್ತಾರೆ. ಅದನ್ನು ‘ಆಟೋಮ್ಯಾಟಿಕ್’ ಮಾಡಲು ಹೇಳಿ. ಫೋನಿನ ಸಂಚಾರವನ್ನೆಲ್ಲ ಬೇರೆ ಕಡೆಯಿಂದ ಸುತ್ತಿಸಿ ಕಳಿಸುವ ವಿಪಿಎನ್ ಸದಾ ಆನ್ ಇದ್ದರೂ ಇದೇ ಕಥೆ. ಯಾವುದೂ ಗೊತ್ತಾಗದಿದ್ದರೆ ಬ್ರೌಸರ್‌ನಲ್ಲಿ ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ ತೆರೆಯಲು ಹೇಳಿ. ಬೀಗ ಇಲ್ಲದ ಪುಟ ಬೇಕು ಅಂತಲೇ ಇಟ್ಟಿರುವ ವಿಳಾಸ ಅದು, ಅಲ್ಲಿಂದ ನಿಮ್ಮ ಪುಟ ಸಾಮಾನ್ಯವಾಗಿ ಬರುತ್ತದೆ. ಈ ಸಲಹೆಗಳನ್ನು ಅಚ್ಚು ಹಾಕಿ ಕೌಂಟರ್‌ನಲ್ಲಿ ಇಡಿ.

ಯಾವ ಸಾಮಾನು ತರಬೇಕು?

ಇಂಟರ್ನೆಟ್ ಕಂಪನಿಯವರು ಕೊಡುವ ಡಬ್ಬಿಗಳಲ್ಲಿ ಹೆಚ್ಚಿನವುಗಳಿಗೆ ಲಾಗಿನ್ ಪುಟ ಬರುವುದಿಲ್ಲ. ‘ಗೆಸ್ಟ್ ನೆಟ್‌ವರ್ಕ್’ ಇರುತ್ತದೆ, ಅಷ್ಟೇ. ಅದರ ಹಿಂದೆ ಇನ್ನೊಂದು ರೂಟರ್ ಬೇಕು. ನಾನು ಜಾಸ್ತಿ ಬಳಸುವುದು ಮೈಕ್ರೋಟಿಕ್, ಅದರಲ್ಲಿ ಲಾಗಿನ್ ಪುಟ ತೋರಿಸುವ ಹಾಟ್‌ಸ್ಪಾಟ್ ವ್ಯವಸ್ಥೆ ಒಳಗೇ ಇದೆ. ಟಿಪಿ-ಲಿಂಕ್ ಒಮಾಡ ಮತ್ತು ಯೂನಿಫೈಗಳಲ್ಲಿ ಕೆಲಸ ಸುಲಭ, ಪರದೆ ಚೆನ್ನಾಗಿದೆ, ಆದರೆ ಅವನ್ನು ನಡೆಸುವ ಕಂಟ್ರೋಲರ್ ಸದಾ ಓಡುತ್ತಿರಬೇಕು. ಹಳೆಯ ರೂಟರ್ ಇದ್ದು ಕಲಿಯುವ ಆಸೆ ಇದ್ದವರು ಓಪನ್‌ಡಬ್ಲ್ಯುಆರ್‌ಟಿ ಮತ್ತು ಓಪನ್‌ಎನ್‌ಡಿಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಬಹುದು.

ಮೈಕ್ರೋಟಿಕ್‌ನಲ್ಲಿ ನಾನೇ ಮಾಡಿಕೊಳ್ಳಬಹುದೇ?

ಒಂದು ಭಾನುವಾರ ಸಾಕು. ರೂಟರ್‌ನ ಸೆಟ್ಟಿಂಗ್ ಪರದೆಯಲ್ಲಿ ‘ಐಪಿ’ ಒಳಗೆ ‘ಹಾಟ್‌ಸ್ಪಾಟ್’, ಅದರಲ್ಲಿ ‘ಹಾಟ್‌ಸ್ಪಾಟ್ ಸೆಟಪ್’ ಒತ್ತಿದರೆ ಅದೇ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಯಾವ ಇಂಟರ್‌ಫೇಸ್ (ಅತಿಥಿಗಳ ವೈಫೈ ಹೋಗುವ ಕಿಂಡಿ), ಯಾವ ವಿಳಾಸ, ಫೋನುಗಳಿಗೆ ಹಂಚಲು ಎಷ್ಟು ವಿಳಾಸಗಳ ಪೂಲ್, ಯಾವ ಡಿಎನ್‌ಎಸ್. ಇಂಟರ್‌ಫೇಸ್ ಆರಿಸುವಾಗ ಎಚ್ಚರ ಇರಲಿ. ನೀವು ಕುಳಿತು ಕೆಲಸ ಮಾಡುತ್ತಿರುವ ಕೇಬಲ್ಲನ್ನೇ ಆರಿಸಿದರೆ ಮರುಕ್ಷಣ ನೀವೇ ಹೊರಗೆ ಬೀಳುತ್ತೀರಿ. ಮೊದಲು ಒಂದು ಬ್ಯಾಕಪ್ ತೆಗೆದಿಡಿ. ಮುಗಿದ ಮೇಲೆ ‘ಫೈಲ್ಸ್’ ಒಳಗೆ ‘ಹಾಟ್‌ಸ್ಪಾಟ್’ ಅನ್ನುವ ಫೋಲ್ಡರ್ ಕಾಣುತ್ತದೆ. ಅದರಲ್ಲಿರುವ ‘ಲಾಗಿನ್’ ಫೈಲೇ ಅತಿಥಿಗೆ ಕಾಣುವ ಪುಟ. ಕಂಪ್ಯೂಟರ್‌ಗೆ ಇಳಿಸಿ, ಕನ್ನಡಕ್ಕೆ ತಿದ್ದಿ, ಮತ್ತೆ ಅಲ್ಲೇ ಏರಿಸಿ. ಡಾಲರ್ ಚಿಹ್ನೆಯಿಂದ ಶುರುವಾಗುವ ಪದಗಳನ್ನು ಮಾತ್ರ ಮುಟ್ಟಬೇಡಿ. ರೂಟರ್ ತನ್ನ ಮಾಹಿತಿ ತುಂಬುವ ಜಾಗ ಅವು.

ಪುಟ ಕನ್ನಡದಲ್ಲಿ ಇದ್ದರೆ ಮಂದಿಗೆ ತೊಡಕಾಗುವುದಿಲ್ಲವೇ?

ನನ್ನ ಅನುಭವದಲ್ಲಿ ತೊಡಕಾಗುವುದು ಇಂಗ್ಲಿಷ್ ಮಾತ್ರ ಇದ್ದಾಗ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ರೈತರು ತಂಗುವ ಒಂದು ಲಾಡ್ಜ್‌ನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಹಿರಿಯರೊಬ್ಬರು ಪುಟವನ್ನು ಮೇಲೆ ಕೆಳಗೆ ಸರಿಸಿ, ಏನೂ ಒತ್ತದೆ ಫೋನ್ ಜೇಬಿಗೆ ಹಾಕಿಕೊಂಡರು. ‘ಏನೋ ರೊಕ್ಕ ಕೇಳ್ತದ’ ಅಂದರು. ಅದು ನಿಯಮಗಳ ಪಟ್ಟಿ, ಪೂರ್ತಿ ಇಂಗ್ಲಿಷ್. ಪುಟವನ್ನು ಕನ್ನಡ ಮಾಡಿ, ಮೇಲೆ ದಪ್ಪಕ್ಷರದಲ್ಲಿ ‘ಇದು ಉಚಿತ’ ಅಂತ ಬರೆದೆವು. ಆ ಮಾರುಕಟ್ಟೆಗೆ ಆಂಧ್ರದ ಕಡೆಯವರೂ ಬರುತ್ತಾರೆ, ಹಾಗಾಗಿ ಕೆಳಗೆ ತೆಲುಗಿನಲ್ಲಿ ಎರಡು ಸಾಲು, ಇಂಗ್ಲಿಷ್‌ನಲ್ಲಿ ಎರಡು ಸಾಲು.

ಆದರೆ ಕನ್ನಡ ಪುಟಕ್ಕೆ ಅದರದ್ದೇ ಆದ ಜೋಪಾನ ಬೇಕು. ಫೈಲಿನ ತಲೆಯಲ್ಲಿ ‘ಯುಟಿಎಫ್-8’ (ಕನ್ನಡವೂ ಸೇರಿ ಎಲ್ಲ ಲಿಪಿಗಳಿಗಿರುವ ಅಕ್ಷರ ಸಂಕೇತ) ಅಂತ ಹೇಳದಿದ್ದರೆ ಅಕ್ಷರದ ಬದಲು ಚಿತ್ರವಿಚಿತ್ರ ಗೀಟುಗಳು ಬರುತ್ತವೆ. ಸಾಲಿನ ಎತ್ತರ ಇಂಗ್ಲಿಷ್ ಅಳತೆಯಲ್ಲೇ ಬಿಟ್ಟರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ನಾನು ಮಾಡಿದ ಮೊದಲ ಪುಟದ ಬಟನ್ ಮೇಲೆ ‘ಇಲ್ಲಿ ಒತ್ತಿ’ ಅಂತ ಬರೆದದ್ದು, ಅಗ್ಗದ ಫೋನಿನಲ್ಲಿ ‘ಇಲಿ ಒತಿ’ ಅಂತ ಕಾಣುತ್ತಿತ್ತು. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6 ಪಟ್ಟು ಇಡಿ, ಬಟನ್ನಿಗೆ ಎತ್ತರವನ್ನು ಕಟ್ಟುನಿಟ್ಟಾಗಿ ನಿಗದಿ ಮಾಡದೆ ಒಳಗೆ ಜಾಗ ಬಿಡಿ.

ಇನ್ನೊಂದು ಯಾರೂ ಗಮನಿಸದ ಸಂಗತಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ಕೆಲವರು ಮೊಬೈಲ್ ನಂಬರನ್ನು ೯೮೪ ಅಂತ ಕನ್ನಡ ಅಂಕಿಯಲ್ಲೇ ಹೊಡೆಯುತ್ತಾರೆ. ಪುಟ ‘ತಪ್ಪು ನಂಬರ್’ ಅಂದುಬಿಡುತ್ತದೆ. ಕನ್ನಡ ಪುಟವೇ ಕನ್ನಡ ಅಂಕಿಯನ್ನು ತಪ್ಪು ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ. ನಾಲ್ಕು ಸಾಲಿನ ಕೋಡ್ ಬರೆದರೆ ೯ ತಾನಾಗಿ 9 ಆಗುತ್ತದೆ. ಜೊತೆಗೆ ಆ ಖಾನೆಯನ್ನು ‘ಟೆಲಿಫೋನ್’ ಬಗೆಯದಾಗಿ ಮಾಡಿದರೆ ಹೆಚ್ಚಿನ ಫೋನುಗಳು ಸೀದಾ ಅಂಕಿಗಳ ಕೀಲಿಮಣೆಯನ್ನೇ ತೆರೆಯುತ್ತವೆ.

ಬಟನ್ ಮೇಲಿರಲಿ. ಕೀಬೋರ್ಡ್ ತೆರೆದುಕೊಂಡಾಗ ಅರ್ಧ ಪರದೆ ಮುಚ್ಚಿಹೋಗುತ್ತದೆ.

ಓಟಿಪಿ ಒಳ್ಳೆಯದೋ, ವೌಚರ್ ಚೀಟಿ ಒಳ್ಳೆಯದೋ?

ಲಾಡ್ಜ್‌ಗೆ ನಾನು ಚೀಟಿಯನ್ನೇ ಹೇಳುತ್ತೇನೆ. ರೂಮ್ ಕೊಡುವಾಗ ರಿಜಿಸ್ಟರ್‌ನಲ್ಲಿ ಹೆಸರು, ಗುರುತಿನ ಚೀಟಿ ಎಲ್ಲ ಬರೆದುಕೊಂಡೇ ಇರುತ್ತೀರಿ. ಕೀಲಿಯ ಜೊತೆ ಒಂದು ಕೋಡ್ ಕೊಟ್ಟು, ಆ ಕೋಡನ್ನು ರೂಮ್ ನಂಬರ್ ಎದುರು ಬರೆದಿಟ್ಟರೆ ಆಯಿತು. ಕೋಡಿನಲ್ಲಿ ಬರೀ ಅಂಕಿ ಇರಲಿ. ಇಂಗ್ಲಿಷ್ ಅಕ್ಷರ ಸೇರಿಸಿದರೆ ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಎಲ್’ ಅಕ್ಷರವೋ ಅಂತ ಮಂದಿ ಮೆಟ್ಟಿಲು ಇಳಿದು ಬಂದು ಕೇಳುತ್ತಾರೆ. ಎಂಟು ಅಂಕಿ ಸಾಕು, ನಾಲ್ಕು-ನಾಲ್ಕಾಗಿ ಬಿಡಿಸಿ ಅಚ್ಚು ಹಾಕಿಸಿ. ಹಾಗೆ ನಡುವೆ ಜಾಗ ಬಿಟ್ಟು ಹೊಡೆದವರನ್ನೂ ಪುಟ ಒಪ್ಪಿಕೊಳ್ಳಬೇಕು. ತಪ್ಪು ಕೋಡ್ ಹತ್ತಾರು ಸಲ ಹಾಕಿದವರನ್ನು ಸ್ವಲ್ಪ ಹೊತ್ತು ತಡೆಯುವ ನಿಯಮವೂ ಇರಲಿ.

ದಿನಾ ಹೊಸಬರು ಬಂದುಹೋಗುವ ಜಾಗಕ್ಕೆ ಓಟಿಪಿ ಸರಿ. ಆದರೆ ಅದಕ್ಕೆ ಎಸ್‌ಎಂಎಸ್ ಕಳಿಸುವ ವ್ಯವಸ್ಥೆ ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಕಳಿಸುವವರ ಹೆಸರು ಮತ್ತು ಸಂದೇಶದ ಮಾದರಿಯನ್ನು ಮೊಬೈಲ್ ಕಂಪನಿಗಳ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ನೋಂದಾಯಿಸಿದ ಮಾದರಿಗೂ ಕಳಿಸುವ ಸಂದೇಶಕ್ಕೂ ವ್ಯತ್ಯಾಸ ಇದ್ದರೆ ಸಂದೇಶ ಹೋಗುವುದಿಲ್ಲ. ಕನ್ನಡದಲ್ಲಿ ಕಳಿಸುವುದಾದರೆ ಚಿಕ್ಕದಾಗಿ ಬರೆಯಿರಿ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಸೇರುತ್ತವೆ. ಅದನ್ನು ದಾಟಿದರೆ ದುಡ್ಡು ಎರಡು ಎಸ್‌ಎಂಎಸ್‌ಗೆ.

ಓಟಿಪಿ ನೋಡಲು ಎಸ್‌ಎಂಎಸ್ ತೆರೆದಾಗ ಕೆಲವು ಫೋನುಗಳಲ್ಲಿ ಲಾಗಿನ್ ಕಿಟಕಿ ಮುಚ್ಚಿಹೋಗುತ್ತದೆ. ಮತ್ತೆ ತೆರೆದರೆ ಪುಟ ಮೊದಲಿನಿಂದ ನಂಬರ್ ಕೇಳಬಾರದು, ಓಟಿಪಿ ಹಾಕುವ ಜಾಗಕ್ಕೇ ಬರಬೇಕು. ಇದನ್ನು ಮಾಡಿಸದೆ ಯಾರಿಗೂ ದುಡ್ಡು ಕೊಡಬೇಡಿ. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲದಿದ್ದರೆ ಓಟಿಪಿ ಬರುವುದೂ ಇಲ್ಲ. ಅಲ್ಲಿಗೆ ಚೀಟಿಯೇ ಗತಿ.

ಕಾನೂನು ಏನು ಹೇಳುತ್ತದೆ?

ಸಾರ್ವಜನಿಕ ವೈಫೈ ಬಳಸುವವರ ಗುರುತು ಇರಬೇಕು ಅಂತ ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲೇ ಸೂಚನೆ ಕೊಟ್ಟಿದೆ. ಗುರುತಿನ ಚೀಟಿಯ ಪ್ರತಿ ಅಥವಾ ಮೊಬೈಲ್‌ಗೆ ಎಸ್‌ಎಂಎಸ್ ಮೂಲಕ ಪಾಸ್‌ವರ್ಡ್, ಇವೆರಡು ಅದರಲ್ಲಿನ ದಾರಿಗಳು. ಆ ಸೂಚನೆ ಇಂಟರ್ನೆಟ್ ಕಂಪನಿಗಳಿಗೆ ಕೊಟ್ಟದ್ದು. ಹಾಗಾಗಿ ಮೊದಲ ಕೆಲಸ, ನಿಮ್ಮ ಪ್ಲಾನ್‌ನಲ್ಲಿ ಅತಿಥಿಗಳಿಗೆ ಹಂಚಲು ಅನುಮತಿ ಇದೆಯೇ ಅಂತ ಕಂಪನಿಯವರಿಂದ ಬರಹದಲ್ಲಿ ಕೇಳಿ ಪಡೆಯುವುದು. ಮನೆಯ ಪ್ಲಾನ್ ತೆಗೆದುಕೊಂಡು ಲಾಡ್ಜ್‌ಗೆ ಹಂಚಬೇಡಿ.

ವೈಫೈ ಮಾರಿ ಸ್ವಲ್ಪ ದುಡಿಯುವ ಆಲೋಚನೆ ಇದ್ದರೆ ಪಿಎಂ-ವಾಣಿ ನೋಡಿ. ಕೇಂದ್ರ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಯೋಜನೆ. ಕಿರಾಣಿ ಅಂಗಡಿಯವರೂ ಪಬ್ಲಿಕ್ ಡೇಟಾ ಆಫೀಸ್, ಅಂದರೆ ವೈಫೈ ಕೊಡುವ ಜಾಗ ಆಗಬಹುದು, ಲೈಸೆನ್ಸ್ ಬೇಡ, ನೋಂದಣಿ ಶುಲ್ಕವೂ ಇಲ್ಲ. ಲಾಗಿನ್ ಕೆಲಸವನ್ನು ಆ ವ್ಯವಸ್ಥೆಯ ಆ್ಯಪ್‌ಗಳೇ ನೋಡಿಕೊಳ್ಳುತ್ತವೆ.

ಸಿಕ್ಕ ನಂಬರ್‌ಗಳಿಗೆ ವಾಟ್ಸಾಪ್‌ನಲ್ಲಿ ಆಫರ್ ಕಳಿಸಬಹುದೇ?

ಬೇಡ. ವೈಫೈಗೆ ಅಂತ ಕೊಟ್ಟ ನಂಬರ್ ವೈಫೈಗೇ ಇರಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಮೂಲ ಮಾತೂ ಇದೇ: ಯಾತಕ್ಕೆ ಅಂತ ಹೇಳಿ, ಒಪ್ಪಿಗೆ ಪಡೆದು, ಅದಕ್ಕಷ್ಟೇ ಬಳಸಬೇಕು. ಆಫರ್ ಬೇಕಾದವರು ಒತ್ತಲಿ ಅಂತ ಬೇರೆ ಖಾನೆ ಇಡಿ, ಅದರಲ್ಲಿ ಮೊದಲೇ ಟಿಕ್ ಹಾಕಿಡಬೇಡಿ. ಹೆಣ್ಣುಮಕ್ಕಳ ಪಿಜಿಗಳಲ್ಲಿ ನಾನು ಈ ಮಾತನ್ನು ಮಾಲೀಕರ ಎದುರು ಕುಳಿತು ಹೇಳುತ್ತೇನೆ. ಆ ಪಟ್ಟಿ ಕೌಂಟರ್‌ನಲ್ಲಿ ಕುಳಿತ ಯಾರ ಕೈಗೂ ಸಿಗುವಂತೆ ಇರಬಾರದು. ಹುಟ್ಟಿದ ದಿನ, ಇಮೇಲ್, ಆಧಾರ್ ನಂಬರ್ ಪುಟದಲ್ಲಿ ಕೇಳಲೇಬೇಡಿ. ನಿಮ್ಮ ಬಳಿ ಇಲ್ಲದ ಮಾಹಿತಿ ಕಳುವಾಗುವುದಿಲ್ಲ.

ಒಮ್ಮೆ ಲಾಗಿನ್ ಆದವರಿಗೆ ಮತ್ತೆ ಮತ್ತೆ ಪುಟ ಬರುತ್ತದೆ. ಯಾಕೆ?

ರೂಟರ್ ಫೋನನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ, ಅಂದರೆ ಫೋನ್ ವೈಫೈಗೆ ತೋರಿಸುವ ಗುರುತಿನ ಸಂಖ್ಯೆಯಿಂದ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಫೋನುಗಳು ಪ್ರತಿ ನೆಟ್‌ವರ್ಕ್‌ಗೂ ಬೇರೆ ಬೇರೆ ನಕಲಿ ವಿಳಾಸ ತೋರಿಸುತ್ತವೆ. ಬಳಸುವವರ ಹಿತಕ್ಕೆ ಅದು ಒಳ್ಳೆಯದೇ, ಆಫ್ ಮಾಡಿಸಬೇಡಿ. ಒಂದೇ ಹೆಸರಿನ ನೆಟ್‌ವರ್ಕ್‌ಗೆ ವಿಳಾಸ ಸಾಮಾನ್ಯವಾಗಿ ಒಂದೇ ಇರುತ್ತದೆ. ಹಾಗಾಗಿ ‘ಮಹಡಿ 1’, ‘ಮಹಡಿ 2’ ಅಂತ ಹೆಸರಿಡದೆ ಇಡೀ ಕಟ್ಟಡಕ್ಕೆ ಒಂದೇ ಹೆಸರಿಡಿ. ಕೆಲಸ ಮಾಡದೆ ಸ್ವಲ್ಪ ಹೊತ್ತು ಇದ್ದವರನ್ನು ಹೊರಗೆ ಹಾಕುವ ‘ಐಡಲ್ ಟೈಮ್‌ಔಟ್’ ಕೂಡ ನೋಡಿ. ಐದು ನಿಮಿಷ ಇದ್ದರೆ, ಪುಸ್ತಕ ಓದುತ್ತಾ ಕುಳಿತ ಹುಡುಗ ಫೋನ್ ಎತ್ತಿದಾಗಲೆಲ್ಲ ಲಾಗಿನ್ ಆಗಬೇಕು. ಲಾಡ್ಜ್‌ಗೆ ಚೆಕ್‌ಔಟ್ ತನಕ, ಓದುಕೋಣೆಗೆ ಪಾಸ್ ಮುಗಿಯುವ ತನಕ ಬಿಡಿ.

ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ ಎಲ್ಲ ಅದೇ ವೈಫೈನಲ್ಲಿದ್ದರೆ ಏನಾಗುತ್ತದೆ?

ಹುಬ್ಬಳ್ಳಿಯ ಒಂದು ಲಾಡ್ಜ್‌ನಲ್ಲಿ ಅತಿಥಿಯೊಬ್ಬರು ತಮ್ಮ ಟಿಕೆಟ್ ಪ್ರಿಂಟ್ ಕೊಟ್ಟರು, ಅದು ಮಾಲೀಕರ ಬಿಲ್ ಪ್ರಿಂಟರ್‌ನಲ್ಲಿ ಬಂತು. ಪ್ರಿಂಟರ್ ಸಿಕ್ಕವರಿಗೆ ಅದೇ ದಾರಿಯಲ್ಲಿ ಕ್ಯಾಮೆರಾ ಡಬ್ಬಿಯೂ ಸಿಗುತ್ತದೆ. ಪುಟ ಎಷ್ಟೇ ಚಂದ ಇರಲಿ, ಈ ಕೆಲಸ ಆಗದಿದ್ದರೆ ವೈಫೈ ಆನ್ ಮಾಡಬೇಡಿ. ಅತಿಥಿಗಳಿಗೆ ಬೇರೆ ವಿಲ್ಯಾನ್ (ಅದೇ ಸಾಮಾನಿನ ಮೇಲೆ ಬೇರೆ ಮಾಡಿದ ನೆಟ್‌ವರ್ಕ್), ಅಲ್ಲಿಂದ ನಿಮ್ಮ ಒಳಗಿನ ನೆಟ್‌ವರ್ಕ್‌ಗೆ ದಾರಿ ಬಂದ್. ಅತಿಥಿಗಳ ಫೋನುಗಳು ಒಂದನ್ನೊಂದು ನೋಡದಂತೆ ‘ಕ್ಲೈಂಟ್ ಐಸೊಲೇಶನ್’ ಆನ್. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಅತಿಥಿ ಕಡೆಯಿಂದ ಆ ಪುಟ ತೆರೆಯದಂತೆ ಮಾಡಿ.

ಲಾಗಿನ್ ಪುಟ ಇದೆ ಅಂತ ವೈಫೈ ಪಾಸ್‌ವರ್ಡ್ ತೆಗೆಯಬೇಡಿ. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಗಾಳಿಯಲ್ಲಿ ಹೋಗುವ ಮಾತಿಗೆ ಬೀಗವೇ ಇರುವುದಿಲ್ಲ. ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಪಾಸ್‌ವರ್ಡ್ ಇರಲಿ, ಅದರ ಮೇಲೆ ಪುಟ ಇರಲಿ.

ಮದುವೆ ದಿನ ವೈಫೈ ಸೇರಲೇ ಆಗುವುದಿಲ್ಲ ಅಂತಾರೆ. ವೇಗ ಹೆಚ್ಚಿಸಬೇಕೇ?

ಹೆಚ್ಚಾಗಿ ಅದು ವೇಗದ ತೊಂದರೆ ಆಗಿರುವುದಿಲ್ಲ, ರೂಟರ್ ಪ್ರತಿ ಫೋನಿಗೂ ಕೊಡುವ ಐಪಿ ವಿಳಾಸ ಮುಗಿದಿರುತ್ತದೆ. ಸಾಮಾನ್ಯ ರೂಟರ್‌ನಲ್ಲಿ 254 ವಿಳಾಸಗಳಷ್ಟೇ ಇರುತ್ತವೆ, ಒಮ್ಮೆ ಕೊಟ್ಟದ್ದನ್ನು ಕೆಲವು ರೂಟರ್‌ಗಳು ಒಂದು ದಿನ ಹಿಡಿದಿಡುತ್ತವೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಹೋದವರ ವಿಳಾಸ ಮಧ್ಯಾಹ್ನ ಅಕ್ಷತೆಗೆ ಬಂದವರಿಗೆ ಸಿಗುವುದಿಲ್ಲ. ಎಷ್ಟು ವಿಳಾಸ ಅಂತ ನಿರ್ಧರಿಸುವ ಸಬ್‌ನೆಟ್ ಅನ್ನು 255.255.252.0 ಮಾಡಿದರೆ 1022 ವಿಳಾಸ ಸಿಗುತ್ತವೆ. ಕೊಟ್ಟ ವಿಳಾಸವನ್ನು ಹಿಡಿದಿಡುವ ಅವಧಿ, ಅಂದರೆ ಡಿಎಚ್‌ಸಿಪಿ ಲೀಸ್, ಒಂದು ಗಂಟೆ ಇಡಿ. ಮೈಕ್ರೋಟಿಕ್ ಇದ್ದರೆ ಲೈಸೆನ್ಸ್ ಮಟ್ಟವನ್ನೂ ನೋಡಿಕೊಳ್ಳಿ. 4ನೇ ಮಟ್ಟಕ್ಕೆ ಒಂದೇ ಸಲಕ್ಕೆ 200 ಹಾಟ್‌ಸ್ಪಾಟ್ ಬಳಕೆದಾರರು, 5ನೇ ಮಟ್ಟಕ್ಕೆ 500.

ಒಬ್ಬರಿಗೆ ಎಷ್ಟು ವೇಗ ಕೊಡಬೇಕು?

3 ಎಂಬಿಪಿಎಸ್ ಇದ್ದರೆ ಫೋನಿನಲ್ಲಿ ಕ್ಲಾಸ್ ನೋಡಬಹುದು, ವಿಡಿಯೊ ಕಾಲ್ ಮಾಡಬಹುದು. ಎಲ್ಲರೂ ಒಂದೇ ಕ್ಷಣಕ್ಕೆ ಬಳಸುವುದಿಲ್ಲ, ಹಾಗಾಗಿ 100 ಎಂಬಿಪಿಎಸ್ ಲೈನ್ ಇದ್ದರೆ ಎಪ್ಪತ್ತು-ಎಂಬತ್ತು ಮಂದಿಗೆ ನಡೆಯುತ್ತದೆ.

ಪುಟ ತೆರೆದಾಗ ‘ಸುರಕ್ಷಿತವಲ್ಲ’ ಅಂತ ಎಚ್ಚರಿಕೆ ಬರುತ್ತದೆಯಲ್ಲ?

ಪುಟ ಯಾರದು ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟನ್ನು ರೂಟರ್ ತಾನೇ ಮಾಡಿಕೊಂಡಿದ್ದರೆ ಹಾಗಾಗುತ್ತದೆ. ನಿಮ್ಮದೇ ಡೊಮೇನ್ ಒಂದಿದ್ದರೆ ಅದರ ಉಪಹೆಸರಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತ ಸರ್ಟಿಫಿಕೇಟ್ ತೆಗೆದುಕೊಂಡು ರೂಟರ್‌ಗೆ ಹಾಕಿ. ಅವಧಿ ಮುಗಿಯುವ ಮೊದಲು ತಾನಾಗಿ ಹೊಸದಾಗುವ ವ್ಯವಸ್ಥೆ ಮಾಡಿಸಿ, ಇಲ್ಲದಿದ್ದರೆ ಮೂರು ತಿಂಗಳಿಗೆ ಮತ್ತೆ ಅದೇ ಎಚ್ಚರಿಕೆ. ಅತಿಥಿಗೆ ಮಾತ್ರ ‘ಎಚ್ಚರಿಕೆ ಬಂದರೂ ಮುಂದೆ ಒತ್ತಿ’ ಅಂತ ಹೇಳಿಕೊಡಬೇಡಿ. ನಾಳೆ ನಿಜವಾದ ಮೋಸದ ಪುಟದಲ್ಲೂ ಅವರು ಹಾಗೇ ಒತ್ತುತ್ತಾರೆ.

ಕರೆಂಟ್ ಹೋಗಿ ಬಂದ ಮೇಲೆ ಎಲ್ಲರೂ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಇದಕ್ಕೇನು?

ರೂಟರ್‌ಗೂ ಫೈಬರ್ ಡಬ್ಬಿಗೂ ಒಂದೊಂದು 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿ. ತರುವ ಮೊದಲು ಎರಡೂ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ. ಮೈಕ್ರೋಟಿಕ್‌ನಲ್ಲಿ ಕುಕೀ ಲಾಗಿನ್ (ಒಮ್ಮೆ ಲಾಗಿನ್ ಆದವರ ಗುರುತನ್ನು ಉಳಿಸಿಕೊಳ್ಳುವ ಸೆಟ್ಟಿಂಗ್) ಆನ್ ಇಟ್ಟರೆ ಹಳಬರನ್ನು ರೂಟರ್ ತಾನೇ ಗುರುತು ಹಿಡಿಯಬಹುದು. ರೂಟರ್‌ನ ಗಡಿಯಾರವನ್ನೂ ಇಂಟರ್ನೆಟ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿಗೆ ಜೋಡಿಸಿ. ಕರೆಂಟ್ ಹೋಗಿ ಬಂದಾಗ ರೂಟರ್ ದಿನಾಂಕ ತಪ್ಪಿದರೆ ಚೀಟಿಗಳ ಅವಧಿಯೂ ತಪ್ಪುತ್ತದೆ, ಯಾರು ಯಾವಾಗ ಬಳಸಿದರು ಅನ್ನುವ ಲೆಕ್ಕಕ್ಕೂ ಬೆಲೆ ಇರುವುದಿಲ್ಲ.

ಎಲ್ಲ ಮುಗಿಯಿತು. ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

ನಿಮ್ಮ ಫೋನಿನಲ್ಲಿ ನೋಡಬೇಡಿ, ಅದು ಆಗಲೇ ಪುಟವನ್ನು ಕಂಡಿದೆ. ಅಡಿಗೆಯವರ ಹಳೆಯ ಆಂಡ್ರಾಯ್ಡ್, ಯಾರದಾದರೂ ಐಫೋನ್, ಒಂದು ಲ್ಯಾಪ್‌ಟಾಪ್, ಮೂರರಲ್ಲೂ ನೋಡಿ. ಮೊಬೈಲ್ ಡೇಟಾ ಆಫ್ ಮಾಡಿ ನೋಡಿ. ಲಾಗಿನ್ ಆದ ಮೇಲೆ ನಿಮ್ಮ ಕ್ಯಾಮೆರಾ ಡಬ್ಬಿಯ ವಿಳಾಸ ಹೊಡೆದು ನೋಡಿ, ತೆರೆಯಬಾರದು. ಕೊನೆಗೆ ಈ ಪುಟವನ್ನು ಎಂದೂ ನೋಡದ, ವಯಸ್ಸಾದ ಒಬ್ಬರ ಕೈಗೆ ಫೋನ್ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ನಿಲ್ಲಿ. ಅವರ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಪುಟವನ್ನು ತಿದ್ದಿ.